ಕಿವಿಗೆ ಹತ್ತಿರವಾದ ನಾದ: ಉತ್ತಮ ಹೆಡ್‌ಫೋನ್‌ಗಳ ಇತಿಹಾಸ

ಪ್ರೌಢಶಾಲೆಯಲ್ಲಿ ಭೌತವಿಜ್ಞಾನವನ್ನು ಬೋಧಿಸಿದವನಾದ್ದರಿಂದ ಹಳೆಯ ವಿದ್ಯಾರ್ಥಿಗಳು ಈಗಲೂ ನನ್ನ ಮುಂದೆ ಪ್ರಶ್ನೆಗಳನ್ನಿಡುವುದುಂಟು. ಇತ್ತೀಚೆಗೆ ಪದೇ ಪದೇ ಬರುತ್ತಿರುವ ಪ್ರಶ್ನೆ ಇದು: "ಸಾರ್, ಸಂಗೀತ ಕೇಳಲು ಅತ್ಯುತ್ತಮವಾದ ಹೆಡ್‌ಫೋನ್ ಯಾವುದು?" ಒಂದು ಹೆಸರು ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ತರಗತಿಯಲ್ಲಿ ಹೇಳುತ್ತಿದ್ದಂತೆ, ಮೊದಲು ಇತಿಹಾಸ ತಿಳಿಯೋಣ; ಉತ್ತರ ಆಮೇಲೆ.

1881ರಲ್ಲಿ ಪ್ಯಾರಿಸ್ ನಗರದಲ್ಲಿ ವಿದ್ಯುತ್ ಪ್ರದರ್ಶನವೊಂದು ನಡೆಯಿತು. ಅಲ್ಲಿ ಕ್ಲೆಮೆಂಟ್ ಆಡೆ ಎಂಬ ತಂತ್ರಜ್ಞನು ರಂಗಮಂದಿರದ ಸಂಗೀತವನ್ನು ಟೆಲಿಫೋನ್ ತಂತಿಯ ಮೂಲಕ ದೂರದ ಶ್ರೋತೃಗಳಿಗೆ ಕೇಳಿಸಿದನು. ಎರಡು ಕಿವಿಗಳಿಗೆ ಎರಡು ಪ್ರತ್ಯೇಕ ಗ್ರಾಹಕಗಳಿದ್ದುದರಿಂದ, ಗಾಯಕನು ವೇದಿಕೆಯ ಯಾವ ಬದಿಯಲ್ಲಿದ್ದಾನೆಂಬುದೂ ಕೇಳುಗರಿಗೆ ತಿಳಿಯುತ್ತಿತ್ತಂತೆ. ಮುಂದೆ 1910ರ ಸುಮಾರಿಗೆ ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡುಗೆಕೋಣೆಯಲ್ಲಿಯೇ ಹೆಡ್‌ಫೋನ್‌ಗಳನ್ನು ತಯಾರಿಸಿ ನೌಕಾದಳಕ್ಕೆ ಒದಗಿಸಿದನು. ಅವು ಸಂಗೀತಕ್ಕಲ್ಲ, ನಿಸ್ತಂತು ಸಂದೇಶಗಳನ್ನು ಆಲಿಸುವುದಕ್ಕೆ!

1937ರಲ್ಲಿ ಬರ್ಲಿನ್‌ನ ಬೇಯರ್ ಸಂಸ್ಥೆ ಡಿಟಿ 48 ಎಂಬ ಹೆಡ್‌ಫೋನನ್ನು ಹೊರತಂದಿತು. ಅಯಸ್ಕಾಂತ ಕ್ಷೇತ್ರದಲ್ಲಿ ಚಲಿಸುವ ತಂತಿಸುರುಳಿ, ಅದಕ್ಕೆ ಅಂಟಿಕೊಂಡ ತೆಳುವಾದ ಪೊರೆ; ಇದೇ ಅದರ ತತ್ತ್ವ. ಇಂದಿನ ಬಹುಪಾಲು ಹೆಡ್‌ಫೋನ್‌ಗಳದೂ ಇದೇ. 1958ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ ತನ್ನ ಗ್ರಾಮಫೋನ್ ಯಂತ್ರವನ್ನು ಪ್ರದರ್ಶಿಸಿದಾಗ, ಜನ ಯಂತ್ರಕ್ಕಿಂತ ಅದರ ಜೊತೆಗಿದ್ದ ಸ್ಟೀರಿಯೋ ಹೆಡ್‌ಫೋನನ್ನೇ ಹೆಚ್ಚು ಮೆಚ್ಚಿಕೊಂಡರು. ಸಂಗೀತ ರಸಿಕರ ಹೆಡ್‌ಫೋನ್ ಹುಟ್ಟಿದ್ದು ಹೀಗೆ.

ಅನಂತರ ಎರಡು ಹೊಸ ದಾರಿಗಳು ತೆರೆದುಕೊಂಡವು. 1960ರಲ್ಲಿ ಜಪಾನಿನ ಸ್ಟ್ಯಾಕ್ಸ್ ಸಂಸ್ಥೆ ಸ್ಥಾಯೀ ವಿದ್ಯುತ್ತಿನ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಸುರುಳಿಯೇ ಇಲ್ಲ. ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ವಿದ್ಯುದಾವೇಶ ಪಡೆದ ಅತಿ ತೆಳುವಾದ ಪೊರೆ ಕಂಪಿಸುತ್ತದೆ. ಪೊರೆ ಹಗುರವಾದಷ್ಟೂ ನಾದದ ಸೂಕ್ಷ್ಮಗಳನ್ನು ಬೇಗ ಅನುಸರಿಸಬಲ್ಲದು. ಆದರೆ ನೂರಾರು ವೋಲ್ಟ್ ಒದಗಿಸುವ ಪ್ರತ್ಯೇಕ ಆಂಪ್ಲಿಫೈಯರ್ ಅದಕ್ಕೆ ಬೇಕು. ಇನ್ನೊಂದು ದಾರಿ 1976ರಲ್ಲಿ ಯಮಾಹಾ ಸಂಸ್ಥೆ ಎಚ್‌ಪಿ-1ರಲ್ಲಿ ಬಳಸಿದ್ದು: ಸುರುಳಿಯನ್ನು ಪೊರೆಯ ಮೇಲೆಯೇ ಹರಡಿ, ಇಡೀ ಪೊರೆ ಏಕಕಾಲಕ್ಕೆ ಚಲಿಸುವಂತೆ ಮಾಡುವುದು. ಇವೆರಡರ ನಡುವೆ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಎಚ್‌ಡಿ 414ರ ಮೂಲಕ ಹಿಂಬದಿ ತೆರೆದ ಹೆಡ್‌ಫೋನನ್ನು ಜನಪ್ರಿಯಗೊಳಿಸಿತು. ಮುಚ್ಚಿದ ಡಬ್ಬಿಯೊಳಗಿನ ಸದ್ದು ಹೋಗಿ, ಬಯಲಿನ ಸಹಜತೆ ಬಂತು.

ಇಂದಿನ ದುಬಾರಿ ಹೆಡ್‌ಫೋನ್‌ಗಳಲ್ಲಿ ಬಹುಪಾಲು ಈ ಮೂರು ಮನೆತನಗಳ ಕುಡಿಗಳೇ. ಸುರುಳಿಯ ಮನೆತನದಲ್ಲಿ 2009ರ ಸೆನ್‌ಹೈಸರ್ ಎಚ್‌ಡಿ 800 ವಿಶಾಲವಾದ ನಾದಾವರಣಕ್ಕೆ ಹೆಸರಾಯಿತು. ಅದರ ತಾರಸ್ವರಗಳು ತುಸು ಚುಚ್ಚುತ್ತವೆಂದು ಕೆಲವರ ಆಕ್ಷೇಪ. ಫ್ರಾನ್ಸಿನ ಫೋಕಲ್ ಸಂಸ್ಥೆಯ ಯುಟೋಪಿಯಾ (2016) ಬೆರಿಲಿಯಂ ಲೋಹದ ಪೊರೆಯದು. ಮೃದಂಗದಂಥ ವಾದ್ಯದ ಪೆಟ್ಟಿನ ಖಚಿತತೆ ಇಂಥದರಲ್ಲಿ ಎದ್ದುಕಾಣುತ್ತದೆ. ಆಗ ಅದರ ಬೆಲೆ ಸುಮಾರು 4,000 ಡಾಲರ್. ಹರಡಿದ ಸುರುಳಿಯ ಹೈಫೈಮನ್ ಸುಸ್ವರಾ (2017) 6,000 ಡಾಲರ್‌ಗೆ ಬಂತು. ಹೆಸರು ನಮ್ಮ ಸಂಸ್ಕೃತದಂತೆಯೇ ಕೇಳಿಸುತ್ತದೆ! ಬಲಶಾಲಿಯಾದ ಆಂಪ್ಲಿಫೈಯರ್ ಇಲ್ಲದಿದ್ದರೆ ಅದು ಬಾಯಿಬಿಡುವುದಿಲ್ಲ. ಸ್ಥಾಯೀ ವಿದ್ಯುತ್ತಿನವುಗಳಲ್ಲಿ ಸ್ಟ್ಯಾಕ್ಸ್ ಎಸ್‌ಆರ್-ಎಕ್ಸ್9000 (2021) ಅಗ್ರಗಣ್ಯ. ಇವೆಲ್ಲ ತೆರೆದ ಮಾದರಿಯವು; ಬಸ್ಸಿನಲ್ಲಾಗಲಿ ಗದ್ದಲದ ಮನೆಯಲ್ಲಾಗಲಿ ಪ್ರಯೋಜನಕ್ಕೆ ಬಾರವು.

ಹಾಗಾದರೆ ಹಣ ಹೆಚ್ಚಿದಷ್ಟೂ ನಾದ ಹೆಚ್ಚುವುದೇ? 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ, ಮಂದ್ರದಿಂದ ತಾರದವರೆಗಿನ ಸ್ವರಗಳ ಸಮತೋಲಕ್ಕೂ ಬೆಲೆಗೂ ಸಂಬಂಧ ಕಾಣುವುದಿಲ್ಲವೆಂದು ತೋರಿಸಿದರು. 1997ರಲ್ಲಿ ಬಂದ, ಇವುಗಳಿಗಿಂತ ಎಷ್ಟೋ ಅಗ್ಗದ ಸೆನ್‌ಹೈಸರ್ ಎಚ್‌ಡಿ 600 ಇಂದಿಗೂ ರಸಿಕರ ಗೌರವ ಉಳಿಸಿಕೊಂಡಿರುವುದು ಈ ಮಾತಿಗೆ ಸಾಕ್ಷಿ.

ಈ ಹೋಲಿಕೆಗಳಲ್ಲೆಲ್ಲ ನಾವು ಮರೆಯುವ ಇನ್ನೊಂದು ಯಂತ್ರವಿದೆ: ಕಿವಿ. ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲದೆಂದು ನಾನೇ ನಿಮಗೆ ಪಾಠ ಮಾಡಿದ್ದೇನೆ. ವಯಸ್ಸಾದಂತೆ ಮೇಲಿನ ಅಂಚು ಸವೆಯುತ್ತದೆ. ಸಂಜೆಯ ಹೊತ್ತು ಮೊಮ್ಮಗಳು "ಅಜ್ಜಾ, ಎಷ್ಟು ಹುಳ ಕೂಗ್ತಾ ಇವೆ!" ಎನ್ನುವಾಗ, ಅವುಗಳಲ್ಲಿ ಕೆಲವು ನನಗೆ ಕೇಳಿಸುವುದೇ ಇಲ್ಲ. 6,000 ಡಾಲರಿನ ಉಪಕರಣವೂ ಆ ಸ್ವರಗಳನ್ನು ನನಗೆ ಮರಳಿಸಲಾರದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ನನ್ನದು ವಯೋಧರ್ಮ. ಆದರೆ ನಿಮ್ಮಲ್ಲಿ ಹಲವರು, ಅದಕ್ಕಿಂತ ಹೆಚ್ಚಾಗಿ ನಿಮ್ಮ ಮಕ್ಕಳು, ಜೋರಾದ ಸದ್ದಿನಿಂದ ಇದನ್ನು ಬೇಗನೆ ಬರಮಾಡಿಕೊಳ್ಳುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದರೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಕೇವಲ 5. ಈ ಗುಣಶ್ರೇಢಿಯನ್ನು ದಯವಿಟ್ಟು ಮನೆಯಲ್ಲಿ ಮಕ್ಕಳಿಗೆ ಬರೆದು ತೋರಿಸಿ.

ಮತ್ತೊಂದು ಸಂಗತಿ. 1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್‌ಗೆ ಹೆಡ್‌ಫೋನ್ ಸಿಕ್ಕಿಸುವ ಎರಡು ತೂತುಗಳಿದ್ದವು. ಒಬ್ಬರೇ ಕುಳಿತು ಕೇಳುವುದು ಪಕ್ಕದವರಿಗೆ ಅಗೌರವವೆಂದು ಅಕಿಯೋ ಮೊರಿಟಾ ಭಾವಿಸಿದ್ದರು. ಮುಂದಿನ ಮಾದರಿಗಳಲ್ಲಿ ಎರಡನೆಯ ತೂತು ಮರೆಯಾಯಿತು.

ಆದ್ದರಿಂದ ನನ್ನ ಉತ್ತರ ಇಷ್ಟೇ: ನಿಮಗೆ ಚೆನ್ನಾಗಿ ತಿಳಿದಿರುವ ಹಾಡೊಂದನ್ನು ಕಡಿಮೆ ಸದ್ದಿನಲ್ಲಿಟ್ಟು ಅಂಗಡಿಯಲ್ಲಿ ಕೇಳಿನೋಡಿ. ಆ ಸಣ್ಣ ಸದ್ದಿನಲ್ಲಿಯೂ ತಂಬೂರಿಯ ಶ್ರುತಿ ತುಂಬಿ ಕೇಳಿಸುವ, ಒಂದು ಗಂಟೆ ಧರಿಸಿದರೂ ತಲೆ ನೋಯದ ಹೆಡ್‌ಫೋನೇ ನಿಮಗೆ ಉತ್ತಮವಾದುದು. ಅದನ್ನು ಕೊಂಡ ಮೇಲೂ ವಾರಕ್ಕೊಮ್ಮೆಯಾದರೂ ತೆಗೆದಿಟ್ಟು, ಮನೆಯವರೊಂದಿಗೆ ಕುಳಿತು ಹಾಡು ಕೇಳಿ.