ಔಷಧ ಪ್ರಯೋಗಕ್ಕೆ ಒಳಗಾದ ರೋಗಿ: ಆಸ್ಪತ್ರೆ ಬಿಲ್ ಯಾರ ಪಾಲಿಗೆ?

ಬೆಂಗಳೂರು: ಹೊಸ ಔಷಧದ ಪ್ರಯೋಗಕ್ಕೆ ಸಮ್ಮತಿಸಿ ಸಹಿ ಹಾಕುವ ರೋಗಿಗೆ ಸಾಮಾನ್ಯವಾಗಿ ದೊರೆಯುವ ಭರವಸೆ ‘ಎಲ್ಲವೂ ಉಚಿತ’ ಎಂಬುದು. ವಾಸ್ತವ ಅಷ್ಟು ಸರಳವಾಗಿಲ್ಲ. ಔಷಧ ಉಚಿತವಿರಬಹುದು, ಹಾಸಿಗೆ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಹಾಗೂ ತಜ್ಞರ ಶುಲ್ಕಗಳ ಪೈಕಿ ಯಾವುದು ಪ್ರಾಯೋಜಕ ಕಂಪೆನಿಯ ಲೆಕ್ಕಕ್ಕೆ, ಯಾವುದು ವಿಮೆಗೆ, ಯಾವುದು ರೋಗಿಯ ಜೇಬಿಗೆ ಎಂಬುದು ಬೇರೆಯದೇ ವಿಷಯ. ಈ ವಿಂಗಡಣೆ ಪ್ರಯೋಗ ಆರಂಭಕ್ಕೆ ಮುನ್ನವೇ ಆಗಬೇಕು. ಆಗದಿದ್ದಲ್ಲಿ ಅದರ ಭಾರ ಬೀಳುವುದು ಬಹುತೇಕ ರೋಗಿಯ ಮೇಲೆಯೇ.

ಮೂಲತತ್ವ ಒಂದೇ. ಪ್ರಯೋಗ ಇಲ್ಲದಿದ್ದರೂ ಆ ಕಾಯಿಲೆಗೆ ರೋಗಿ ಪಡೆಯಲೇಬೇಕಿದ್ದ ಚಿಕಿತ್ಸೆ ಮಾಮೂಲಿ ಚಿಕಿತ್ಸೆ. ಪ್ರಯೋಗದ ಕಾರಣಕ್ಕಷ್ಟೇ ಮಾಡಿದ್ದು ಸಂಶೋಧನಾ ವೆಚ್ಚ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಮಾಮೂಲಿ ಚಿಕಿತ್ಸೆಯನ್ನು ಮೀರಿದ, ಸಂಶೋಧನೆಗೆ ಸಂಬಂಧಿಸಿದ ಯಾವುದೇ ಖರ್ಚನ್ನು ಭಾಗಿದಾರರಿಂದ ವಸೂಲು ಮಾಡುವಂತಿಲ್ಲ. ಹೋಲಿಕೆಗಾಗಿ ಹಳೆಯ ಔಷಧವನ್ನೇ ಪಡೆಯುವ ಗುಂಪಿನವರಿಗೂ ಇದು ಅನ್ವಯ ಎಂಬುದು ಗಮನಾರ್ಹ.

ಕ್ಯಾನ್ಸರ್ ಪ್ರಯೋಗವೊಂದನ್ನು ಉದಾಹರಣೆಯಾಗಿ ಪರಿಗಣಿಸಬಹುದು. ರೋಗಿಗೆ ಎಂದಿನ ಕಿಮೋಥೆರಪಿಯ ಜೊತೆಗೆ ಹೊಸ ಔಷಧ ನೀಡಲಾಗುತ್ತದೆ ಎಂದಿಟ್ಟುಕೊಳ್ಳೋಣ. ಕಿಮೋಥೆರಪಿ, ಅದಕ್ಕೆ ಮುನ್ನ ಮಾಡುವ ರಕ್ತಕಣಗಳ ಎಣಿಕೆ ಮಾಮೂಲಿ. ಹೊಸ ಔಷಧ, ವಂಶವಾಹಿ ಪರೀಕ್ಷೆಗೆ ತೆಗೆದ ಹೆಚ್ಚುವರಿ ರಕ್ತ, ಸಂಶೋಧನೆಗೆಂದೇ ಮಾಡಿದ ಎರಡನೇ ಬಯಾಪ್ಸಿ ಪ್ರಾಯೋಜಕರದ್ದು. ಕಷ್ಟ ಎದುರಾಗುವುದು ಸಿ.ಟಿ. ಸ್ಕ್ಯಾನ್‌ನಲ್ಲಿ. ವೈದ್ಯರು ಮಾಮೂಲಿಯಾಗಿ 12 ವಾರಕ್ಕೊಮ್ಮೆ ಬರೆಯುವ ಸ್ಕ್ಯಾನ್ ಅನ್ನು ಪ್ರಯೋಗದ ನಿಯಮಾವಳಿ 6 ವಾರಕ್ಕೊಮ್ಮೆ ಕೇಳಿದರೆ, ಒಂದು ಬಿಟ್ಟು ಒಂದು ಸ್ಕ್ಯಾನ್ ಸಂಶೋಧನೆಯ ಲೆಕ್ಕಕ್ಕೆ ಸೇರಬೇಕಾಗುತ್ತದೆ. ಬಿಲ್ಲಿಂಗ್ ಕೌಂಟರಿನ ಸಿಬ್ಬಂದಿಗೆ ಇದು ಗೊತ್ತಾಗುವ ಬಗೆಯೇನು? ಸ್ಕ್ಯಾನ್ ಚೀಟಿಯ ಮೇಲೆ ಅದನ್ನು ಬರೆದಿರದಿದ್ದರೆ ಗೊತ್ತಾಗುವುದೇ ಇಲ್ಲ.

ಆದ್ದರಿಂದಲೇ ವ್ಯವಸ್ಥಿತ ಸಂಸ್ಥೆಗಳಲ್ಲಿ ಪ್ರಾಯೋಜಕರು, ಮುಖ್ಯ ಸಂಶೋಧಕ ವೈದ್ಯರು ಹಾಗೂ ಆಸ್ಪತ್ರೆ ಮಾಡಿಕೊಳ್ಳುವ ಒಪ್ಪಂದಕ್ಕೆ, ಪ್ರತಿ ಭೇಟಿಯಲ್ಲಿ ನಡೆಯುವ ಪ್ರತಿ ಪರೀಕ್ಷೆಯ ಎದುರು ಹಣ ತೆರುವವರು ಯಾರೆಂದು ನಮೂದಿಸಿದ ಪಟ್ಟಿಯೊಂದನ್ನು ಲಗತ್ತಿಸಲಾಗುತ್ತದೆ. ರೋಗಿಯ ನೋಂದಣಿ ಸಂಖ್ಯೆಗೆ ಪ್ರಯೋಗದ ಗುರುತು ಸೇರಿಸಿ, ಸಂಶೋಧನಾ ಪರೀಕ್ಷೆಗಳಿಗೆ ಪ್ರತ್ಯೇಕ ಚೀಟಿ ಬಳಸಿ, ಅವುಗಳ ಮೊತ್ತವನ್ನು ಸಂಶೋಧನಾ ಖಾತೆಗೆ ಹಾಕುವುದು ಮುಂದಿನ ಹಂತ. ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಯುವ ಅಧ್ಯಯನಗಳಲ್ಲಿ ಈ ಗೋಜಲಿಲ್ಲ. ಅವರಿಗೆ ಮಾಮೂಲಿ ಚಿಕಿತ್ಸೆ ಎಂಬುದೇ ಇಲ್ಲದ ಕಾರಣ ಸಕಲವೂ ಪ್ರಾಯೋಜಕರ ಖರ್ಚು.

ವಿಮೆ ಮತ್ತು ಸರ್ಕಾರಿ ಯೋಜನೆ

ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಹೊರತುಗಳ ಪೈಕಿ 16ನೆಯದು, ಪರಿಣಾಮ ಸಾಬೀತಾಗದ ಚಿಕಿತ್ಸೆಗೆ ಸಂಬಂಧಿಸಿದ್ದು. ಪ್ರಯೋಗದ ಔಷಧದ ವೆಚ್ಚವನ್ನು ನಿರಾಕರಿಸಲು ಕಂಪೆನಿಗಳಿಗೆ ಅಷ್ಟು ಸಾಕು. ಅದೇ ಅವಧಿಯ ಮಾಮೂಲಿ ಚಿಕಿತ್ಸೆಯ ವಿಷಯ ಬೇರೆ. ಆದರೆ ಎರಡೂ ಒಂದೇ ಬಿಲ್‌ನಲ್ಲಿ ಬೆರೆತು ಹೋದಲ್ಲಿ ಇಡೀ ಕ್ಲೇಮು ಪ್ರಶ್ನೆಗೆ ಗುರಿಯಾಗುವ ಸಂಭವವಿದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುವ ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಪ್ಯಾಕೇಜ್ ದರದಲ್ಲಿ ಹಣ ಪಾವತಿಯಾಗುತ್ತದೆ. ಪ್ರಾಯೋಜಕರು ಭರಿಸುವುದಾಗಿ ಒಪ್ಪಿದ ಸೇವೆಗೆ ಇಂತಹ ಯೋಜನೆಯಿಂದಲೂ ಹಣ ಪಡೆದರೆ ಅದು ಒಂದೇ ಕೆಲಸಕ್ಕೆ ಎರಡು ಬಾರಿ ವಸೂಲಿ. ಜೊತೆಗೆ ಕುಟುಂಬದ ವಾರ್ಷಿಕ ಮಿತಿಯೂ ಅನ್ಯಾಯವಾಗಿ ಕರಗುತ್ತದೆ.

ಇಂತಹ ವಸೂಲಿಯನ್ನು ಅಮೆರಿಕ ಗಂಭೀರವಾಗಿ ಪರಿಗಣಿಸಿದೆ. ಅಲ್ಲಿ 2000ದ ಜೂನ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ನೀಡಿದ ನಿರ್ದೇಶನದ ಬಳಿಕ ಅದೇ ವರ್ಷ ಸೆಪ್ಟೆಂಬರ್‌ನಿಂದ, ಅರ್ಹ ಪ್ರಯೋಗಗಳಲ್ಲಿನ ಮಾಮೂಲಿ ವೆಚ್ಚವನ್ನು ಮೆಡಿಕೇರ್ ಭರಿಸತೊಡಗಿತು. ಮಾಮೂಲಿ ಸೇವೆಗೆ ಒಂದು, ಸಂಶೋಧನಾ ಸೇವೆಗೆ ಇನ್ನೊಂದು ಸಂಕೇತವನ್ನು ಬಿಲ್ಲಿನಲ್ಲಿ ನಮೂದಿಸಬೇಕು. 2014ರ ಜನವರಿಯಿಂದ ಪ್ರಯೋಗದ 8 ಅಂಕಿಗಳ ನೋಂದಣಿ ಸಂಖ್ಯೆಯೂ ಕಡ್ಡಾಯ. ಪ್ರಾಯೋಜಕರು ಕೊಡಬೇಕಿದ್ದ ಸೇವೆಗಳಿಗೆ ಸರ್ಕಾರಿ ಯೋಜನೆಗಳಿಂದ ಹಣ ಪಡೆದ ಆರೋಪವನ್ನು ಇತ್ಯರ್ಥಗೊಳಿಸಲು ಎಮೊರಿ ವಿಶ್ವವಿದ್ಯಾಲಯ 2013ರಲ್ಲಿ 15 ಲಕ್ಷ ಡಾಲರ್ ತೆತ್ತಿತು. ನಮ್ಮಲ್ಲಿ ಪ್ರಯೋಗಗಳ ರಾಷ್ಟ್ರೀಯ ನೋಂದಣಿ 2009ರ ಜೂನ್ 15ರಿಂದ ಕಡ್ಡಾಯವಾಗಿದೆ. ಆ ಸಂಖ್ಯೆಯನ್ನು ಬಿಲ್ಲಿಗೂ ಬೆಸೆದರೆ ಅರ್ಧ ಗೊಂದಲ ತಾನಾಗಿಯೇ ಬಗೆಹರಿದೀತು.

ಹಾನಿ ಸಂಭವಿಸಿದಾಗ

ಈ ಭಾಗವೇ ಅತಿ ಮುಖ್ಯ. 2013ರ ಜನವರಿ 30ರಂದು ಔಷಧ ನಿಯಮಗಳಿಗೆ ಮಾಡಿದ ತಿದ್ದುಪಡಿ, ಪ್ರಯೋಗದ ವೇಳೆ ಹಾನಿಗೊಳಗಾದವರಿಗೆ ಅಗತ್ಯವಿರುವಷ್ಟು ಕಾಲ ಉಚಿತ ಚಿಕಿತ್ಸೆಯನ್ನು ಖಾತರಿಪಡಿಸಿತ್ತು. 2014ರ ಡಿಸೆಂಬರ್‌ನಲ್ಲಿ ಅದಕ್ಕೆ ಮಿತಿ ಬಿತ್ತು. ಈಗ ಜಾರಿಯಲ್ಲಿರುವ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ, ಸಂಶೋಧಕರ ಅಭಿಪ್ರಾಯದಂತೆ ಅಗತ್ಯವಿರುವವರೆಗೆ ಅಥವಾ ಹಾನಿಗೂ ಪ್ರಯೋಗಕ್ಕೂ ಸಂಬಂಧವಿಲ್ಲವೆಂದು ಖಚಿತವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಪ್ರಾಯೋಜಕರು ಚಿಕಿತ್ಸೆ ಕೊಡಿಸಬೇಕು. ಅಂದರೆ ಕಾರಣ ನಿರ್ಧಾರವಾಗುವ ಮುನ್ನವೇ ರೋಗಿಯಿಂದ ಮುಂಗಡ ಕೇಳುವುದು ನಿಯಮಕ್ಕೆ ವಿರುದ್ಧ. ತುರ್ತು ವಿಭಾಗದಲ್ಲಿ ರಾತ್ರಿ ದಾಖಲಾಗುವ ರೋಗಿಯ ಬಗ್ಗೆ ಅಲ್ಲಿನ ಸಿಬ್ಬಂದಿಗೆ ಈ ಮಾಹಿತಿ ಇರುವುದೇ ಎಂಬುದು ಪ್ರತ್ಯೇಕ ಪ್ರಶ್ನೆ.

ಗಂಭೀರ ಘಟನೆಯನ್ನು ಸಂಶೋಧಕರು 24 ಗಂಟೆಯೊಳಗೆ ಕೇಂದ್ರ ಪರವಾನಗಿ ಪ್ರಾಧಿಕಾರ, ಪ್ರಾಯೋಜಕರು ಮತ್ತು ನೈತಿಕ ಸಮಿತಿಗೆ ತಿಳಿಸಬೇಕು. ಪರಿಹಾರದ ಆದೇಶ ಹೊರಬಿದ್ದ 30 ದಿನಗಳೊಳಗೆ ಹಣ ಪಾವತಿಯಾಗಬೇಕು. ಸಾವಿನ ಪರಿಹಾರಕ್ಕೆ ಮೂಲ ಮೊತ್ತ 8 ಲಕ್ಷ ರೂಪಾಯಿ. ವಯಸ್ಸು ಹಾಗೂ ಕಾಯಿಲೆಯ ಅಪಾಯದ ಮಟ್ಟವನ್ನು ಅನುಸರಿಸಿ ಅದು 4 ಲಕ್ಷದಿಂದ 73.60 ಲಕ್ಷದವರೆಗೆ ಬದಲಾಗುತ್ತದೆ. 30 ದಿನಗಳಲ್ಲಿ ಸಾವಿನ ಸಂಭವ ಶೇ 90 ಅಥವಾ ಅದಕ್ಕಿಂತ ಹೆಚ್ಚಿದ್ದ ರೋಗಿಗಳಿಗೆ ಮಾತ್ರ 2 ಲಕ್ಷ. ಗುಣವಾಗುವಂಥ ಹಾನಿಯಾದರೆ ಲೆಕ್ಕ ಬೇರೆ: ದೆಹಲಿಯ ಅಕುಶಲ ಕಾರ್ಮಿಕರ ದಿನದ ಕನಿಷ್ಠ ಕೂಲಿಯ ಎರಡು ಪಟ್ಟನ್ನು ಆಸ್ಪತ್ರೆಯಲ್ಲಿದ್ದ ದಿನಗಳಿಂದ ಗುಣಿಸಬೇಕು. ರೋಗಿ ರಾಯಚೂರಿನವರಾದರೂ ಕೂಲಿ ದೆಹಲಿಯದೇ. ಹೀಗಾಗಿ ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳುಳ್ಳ ಡಿಸ್‌ಚಾರ್ಜ್ ಸಾರಾಂಶವನ್ನು ಕಾದಿಟ್ಟುಕೊಳ್ಳುವುದು ಅತ್ಯವಶ್ಯ.

ಪ್ರಾಯೋಜಕ ಕಂಪೆನಿಯೇ ಇಲ್ಲದ, ವೈದ್ಯರು ಅಥವಾ ಸ್ನಾತಕೋತ್ತರ ವಿದ್ಯಾರ್ಥಿಗಳು ಸ್ವಂತವಾಗಿ ಕೈಗೊಳ್ಳುವ ಸಂಶೋಧನೆಗಳೂ ಉಂಟು. ಐಸಿಎಂಆರ್ ಮಾರ್ಗಸೂಚಿಯಂತೆ ಅಲ್ಲಿ ಸಂಶೋಧಕರು ಹಾಗೂ ಸಂಸ್ಥೆಯೇ ಪ್ರಾಯೋಜಕರ ಸ್ಥಾನದಲ್ಲಿ ನಿಲ್ಲಬೇಕು. ಇದಕ್ಕಾಗಿ ಸಂಸ್ಥೆ ಮೂಲನಿಧಿ, ಅನುದಾನ ಅಥವಾ ವಿಮೆಯ ವ್ಯವಸ್ಥೆ ಮಾಡಿಕೊಂಡಿರಬೇಕು. ಭಾಗಿದಾರರ ಪ್ರಯಾಣ ವೆಚ್ಚ, ಉಚಿತ ಚಿಕಿತ್ಸೆ ಮತ್ತು ಪರಿಹಾರದ ಕುರಿತ ವಿವರಗಳನ್ನು ಒಪ್ಪಿಗೆ ಪತ್ರದಲ್ಲಿ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹುಡುಕಬಹುದು. ಅದರ ಪ್ರತಿಯನ್ನು ಪಡೆಯುವುದು ರೋಗಿಯ ಹಕ್ಕು. ನೈತಿಕ ಸಮಿತಿಯ ಸಂಪರ್ಕ ವಿವರವೂ ಅದರಲ್ಲೇ ಇರುತ್ತದೆ. ಬಿಲ್ಲಿನ ಬಗ್ಗೆ ಅನುಮಾನ ಬಂದಲ್ಲಿ ಹಣ ಕಟ್ಟುವ ಮುನ್ನ ಮೊದಲು ವಿಚಾರಿಸಬೇಕಾದದ್ದು ಅಲ್ಲಿಯೇ.