ಇಂಟೆಲಿಜೆಂಟ್, ಕ್ಲೆವರ್, ಸ್ಮಾರ್ಟ್, ವೈಸ್: ಎಲ್ಲಕ್ಕೂ ‘ಬುದ್ಧಿವಂತ’ ಅಂದರೆ ಸಾಕೇ?

“10 ಸೆಕೆಂಡ್‌ನಲ್ಲಿ ಉತ್ತರ ಹೇಳಿದರೆ ನೀವು ಜೀನಿಯಸ್!” ಇಂಥ ಒಗಟು ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರುತ್ತದೆ. ಉತ್ತರ ಹೊಳೆಯದಿದ್ದರೆ ನಕ್ಕು ಸುಮ್ಮನಾಗುತ್ತೇವೆ. ಆದರೆ ಬೆಂಗಳೂರು ಗ್ರಾಮಾಂತರದ ಯಾವುದೋ ಹಳ್ಳಿಯಲ್ಲಿ ನವೋದಯ ಪರೀಕ್ಷೆ ಬರೆದು ಆಯ್ಕೆಯಾಗದ ಮಗುವಿಗೆ “ನಿನಗೆ ಬುದ್ಧಿ ಕಮ್ಮಿ” ಎಂದರೆ ಅದು ನಗುವ ಮಾತಲ್ಲ. ಮಗು ಅದನ್ನು ನಂಬಿಬಿಡಬಹುದು.

ಬುದ್ಧಿ ಎಂಬುದು ಒಂದೇ ವಸ್ತುವೇ? ಇಂಗ್ಲಿಷ್‌ನಲ್ಲಿ ಅದಕ್ಕೆ ಇಷ್ಟೊಂದು ಪದಗಳು ಏಕಿವೆ?

ಒಂದು ಮಗ್ಗ, ಆರು ಪದ

ದೊಡ್ಡಬಳ್ಳಾಪುರದ ಒಂದು ವಿದ್ಯುತ್ ಮಗ್ಗವನ್ನು ಕಲ್ಪಿಸಿಕೊಳ್ಳಿ.

ಇಂಟೆಲಿಜೆಂಟ್: ನೂಲು ಪದೇ ಪದೇ ಏಕೆ ಕಡಿಯುತ್ತಿದೆ ಎಂದು ಯೋಚಿಸಿ ಕಾರಣ ಹುಡುಕುವವರು. ಈ ಪದದ ಲ್ಯಾಟಿನ್ ಮೂಲದ ಅರ್ಥ ‘ಅರ್ಥಮಾಡಿಕೊಳ್ಳು’. ನಮ್ಮ ‘ಬುದ್ಧಿವಂತ’ ಇದಕ್ಕೆ ಹತ್ತಿರ.

ಕ್ಲೆವರ್: ಬಿಡಿಭಾಗ ಸಿಗದಿದ್ದಾಗ ಕೈಗೆ ಸಿಕ್ಕಿದ್ದರಲ್ಲೇ ಉಪಾಯ ಮಾಡಿ ಮಗ್ಗ ಓಡಿಸುವವರು. ಕನ್ನಡದಲ್ಲಿ ‘ಜಾಣ’. ಎಚ್ಚರ, ಇಂಗ್ಲಿಷ್‌ನಲ್ಲಿ ಇದು ಕೆಲವೊಮ್ಮೆ ಕೊಂಕು ಮಾತೂ ಹೌದು. ನಾವು “ಭಾರಿ ಬುದ್ಧಿವಂತ ನೀನು” ಎಂದು ಚುಚ್ಚಿದ ಹಾಗೆ.

ಸ್ಮಾರ್ಟ್: ಈ ಸಲ ಯಾವ ಬಣ್ಣದ ಸೀರೆಗೆ ಬೇಡಿಕೆ ಎಂದು ಬೇಗ ಗ್ರಹಿಸಿ ನೇಯುವವರು. ಅಂದರೆ ‘ಚುರುಕು’. ಅಮೆರಿಕದಲ್ಲಿ ಇಂಟೆಲಿಜೆಂಟ್ ಎನ್ನುವ ಕಡೆಯೂ ಇದೇ ಪದ ಬಳಸುತ್ತಾರೆ. ಬ್ರಿಟನ್‌ನಲ್ಲಿ ನೀಟಾಗಿ ಬಟ್ಟೆ ಹಾಕಿಕೊಂಡವರೂ ಸ್ಮಾರ್ಟ್.

ಬ್ರಿಲಿಯಂಟ್: ಯಾರಿಗೂ ಹೊಳೆಯದ ಹೊಸ ವಿನ್ಯಾಸ ತರುವವರು. ಪದದ ಮೂಲ ಅರ್ಥ ‘ಹೊಳೆಯುವುದು’. ಕನ್ನಡದಲ್ಲಿ ‘ಪ್ರತಿಭಾವಂತ’.

ವೈಸ್: ಸೀಸನ್‌ನಲ್ಲಿ ಬಂದ ಹಣವನ್ನೆಲ್ಲ ಹೊಸ ಮಗ್ಗಕ್ಕೆ ಸುರಿಯದೆ, ವ್ಯಾಪಾರ ಬಿದ್ದುಹೋಗುವ ತಿಂಗಳಿಗೂ ಎತ್ತಿಡುವವರು. ಇದು ‘ವಿವೇಕ’; ಅನುಭವದಿಂದ ಬರುವಂಥದ್ದು. ವೈಸ್ ಮತ್ತು ನಮ್ಮ ‘ವಿದ್ಯೆ’ ಒಂದೇ ಪುರಾತನ ಬೇರಿನಿಂದ ಹುಟ್ಟಿದ ಪದಗಳು.

ಕನಿಂಗ್: ಕೃತಕ ರೇಷ್ಮೆಯನ್ನು ಅಸಲಿ ರೇಷ್ಮೆ ಎಂದು ಮಾರುವವರು. ಬುದ್ಧಿ ಇದೆ, ನಿಯತ್ತಿಲ್ಲ. ಕನ್ನಡದಲ್ಲಿ ‘ಕುತಂತ್ರಿ’.

ಒಬ್ಬರಲ್ಲೇ ಆರೂ ಇರಬೇಕೆಂದಿಲ್ಲ. ಒಂದು ಇಲ್ಲ ಎಂದರೆ ಉಳಿದವೂ ಇಲ್ಲ ಎಂದಲ್ಲ.

ಐಕ್ಯೂ ಏನನ್ನು ಅಳೆಯುತ್ತದೆ?

1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೊನ್ ಮೊದಲ ಬುದ್ಧಿ ಪರೀಕ್ಷೆ ರೂಪಿಸಿದರು. ಉದ್ದೇಶ ಜೀನಿಯಸ್‌ಗಳನ್ನು ಹುಡುಕುವುದಾಗಿರಲಿಲ್ಲ. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಾಗಿತ್ತು.

ಈ ಪರೀಕ್ಷೆಗೆ ಕನ್ನಡದ ನಂಟೂ ಇದೆ. ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಇದನ್ನು ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಅದೇ ಬಿನೆ-ಕಾಮತ್ ಪರೀಕ್ಷೆ. ಬೇರೆ ದೇಶದ ಮಕ್ಕಳಿಗಾಗಿ ಬರೆದ ಪ್ರಶ್ನೆಗಳನ್ನು ಹಾಗೆಯೇ ಕೇಳಿದರೆ ನಮ್ಮ ಮಗುವಿನ ಬುದ್ಧಿಯ ಬದಲು ಭಾಷೆ, ಪರಿಸರಗಳ ವ್ಯತ್ಯಾಸವನ್ನೇ ಅಳೆದಂತಾಗಬಹುದು. ಅದಕ್ಕೇ ಪರಿಷ್ಕರಣೆ ಬೇಕು.

ಐಕ್ಯೂ 100 ಎಂದರೆ 100ಕ್ಕೆ 100 ಅಂಕ ಅಲ್ಲ. ಅದೇ ವಯಸ್ಸಿನವರ ಸರಾಸರಿ ಮಟ್ಟ ಎಂದರ್ಥ. ಆ ಸಂಖ್ಯೆ ವಿವೇಕವನ್ನಾಗಲಿ, ಪ್ರಾಮಾಣಿಕತೆಯನ್ನಾಗಲಿ ಅಳೆಯುವುದಿಲ್ಲ.

ವೇಗವೇ ಬುದ್ಧಿಯೇ?

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್‌ನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡ್‌ನಲ್ಲಿ ಹೇಳಿ ಗಿನ್ನೆಸ್ ದಾಖಲೆ ಸೇರಿದರು. ಮುಂದೆ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ತರುವಂತಿತ್ತು: ಸರಳ ಮಾನಸಿಕ ಕೆಲಸಗಳಲ್ಲಿ ಅವರ ವೇಗ ಅಸಾಧಾರಣವೇನಲ್ಲ. ಅಸಾಧಾರಣವಾಗಿದ್ದದ್ದು ಸಂಖ್ಯೆಗಳ ಜೊತೆಗಿನ ಅವರ ಒಡನಾಟ. 10 ಸೆಕೆಂಡ್‌ನ ಒಗಟಿನಿಂದ ಜೀನಿಯಸ್ ಯಾರೆಂದು ತಿಳಿಯದು.

ನವೋದಯ ಪರೀಕ್ಷೆ ಹೇಳುವುದೇನು?

6ನೇ ತರಗತಿ ಪ್ರವೇಶ ಪರೀಕ್ಷೆಯಲ್ಲಿ ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಇದರಲ್ಲಿ 40 ಪ್ರಶ್ನೆಗಳು ‘ಮಾನಸಿಕ ಸಾಮರ್ಥ್ಯ’ದವು: ಗುಂಪಿಗೆ ಸೇರದ ಚಿತ್ರ, ಕನ್ನಡಿ ಬಿಂಬ, ಆಕೃತಿ ಪೂರ್ಣಗೊಳಿಸುವುದು ಇತ್ಯಾದಿ. ಹೆಸರು ದೊಡ್ಡದು, ಅಳೆಯುವುದು ಮುಖ್ಯವಾಗಿ ಚಿತ್ರಗಳ ತರ್ಕವನ್ನು. ಇಂಥ ಪ್ರಶ್ನೆಗಳನ್ನು ಮೊದಲೇ ಬಿಡಿಸಿ ರೂಢಿಯಿದ್ದವರಿಗೆ ಇದು ಸುಲಭ. ಒಂದು ವಿದ್ಯಾಲಯದಲ್ಲಿ ಸೀಟು ಗರಿಷ್ಠ 80. ಬರೆಯುವವರು ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಆಯ್ಕೆಯಾಗದ ಹೆಚ್ಚಿನ ಮಕ್ಕಳಿಗೆ ಕಡಿಮೆ ಬಿದ್ದದ್ದು ಸೀಟು, ಬುದ್ಧಿಯಲ್ಲ.

ನೆನಪಿಡಿ

ಮುಂದಿನ ಸಲ “ಜೀನಿಯಸ್ ಮಾತ್ರ ಉತ್ತರಿಸಬಲ್ಲರು” ಎಂಬ ಮೆಸೇಜ್ ಬಂದರೆ ಆಟವಾಗಿ ಆಡಿ, ತೀರ್ಪಾಗಿ ಶೇರ್ ಮಾಡಬೇಡಿ. ಮಗುವಿನ ಬಗ್ಗೆ ಹೇಳುವಾಗ “ದಡ್ಡ”, “ಬುದ್ಧಿವಂತ” ಎಂಬ ಹಣೆಪಟ್ಟಿ ಬಿಟ್ಟು, “ಲೆಕ್ಕದಲ್ಲಿ ಚುರುಕು, ಓದುವುದರಲ್ಲಿ ಇನ್ನೂ ಸಹಾಯ ಬೇಕು” ಎನ್ನಿ. ಆಗ ಸಹಾಯ ಎಲ್ಲಿ ಬೇಕೆಂಬುದಾದರೂ ತಿಳಿಯುತ್ತದೆ.