ಹೆಗಲ ಹೊಲಿಗೆ

ತೋಳು ಮೇಲೆತ್ತಲಾಗದೆ ಒದ್ದಾಡುವವರನ್ನು ಕಂಡರೆ ‘ನರ ಕಿತ್ತಿರಬೇಕು’ ಎನ್ನುತ್ತೇವೆ. ಮನೆಯ ಉರ್ದುವಿನಲ್ಲಾದರೆ ಅದು ‘ಪಟ್ಠಾ’. ಸಂವೇದನೆ ಒಯ್ಯುವ ನರಕ್ಕೂ, ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಬಿಳಿಯ ಹುರಿಗೂ ಆಡುಮಾತಿನಲ್ಲಿ ಒಂದೇ ಹೆಸರು. ಈ ಗೊಂದಲ ನಮ್ಮದು ಮಾತ್ರವಲ್ಲ. ಗ್ರೀಕರ ‘ನ್ಯೂರಾನ್’, ಅರಬ್ಬಿಯ ‘ಅಸಬ್’ ಕೂಡ ಒಂದು ಕಾಲದಲ್ಲಿ ಎರಡನ್ನೂ ಸೂಚಿಸುತ್ತಿದ್ದವು.

ಪದದ ಗೊಂದಲಕ್ಕೆ ರೋಗಿಗಳು ಬೆಲೆ ತೆತ್ತರು. ಪೆರ್ಗಮಮ್‌ನಲ್ಲಿ ಗ್ಲಾಡಿಯೇಟರ್‌ಗಳ ವೈದ್ಯನಾಗಿದ್ದ ಎರಡನೇ ಶತಮಾನದ ಗ್ಯಾಲೆನ್, ಈ ಹುರಿಯಲ್ಲಿ, ಅಂದರೆ ಸ್ನಾಯುರಜ್ಜುವಿನಲ್ಲಿ, ನರವೂ ಬೆರೆತಿದೆಯೆಂದು ನಂಬಿದ್ದ. ಸೂಜಿ ಚುಚ್ಚಿದರೆ ಸೆಳೆತ ಬಂದೀತೆಂಬ ಭಯ ಶತಮಾನಗಳ ಕಾಲ ಶಸ್ತ್ರವೈದ್ಯರ ಕೈ ಕಟ್ಟಿತು. ಕಡಿದದ್ದನ್ನು ಹೊಲಿಯಬೇಕೆಂದವರಲ್ಲಿ ಇಬ್ನ್ ಸೀನಾ ಮೊದಲಿಗನೆಂದು ವೈದ್ಯಕೀಯ ಇತಿಹಾಸಕಾರರು ಗುರುತಿಸುತ್ತಾರೆ. ಯುರೋಪಿನ ಭಯ ಸಡಿಲವಾದದ್ದು 1752ರಲ್ಲಿ ಹಾಲರ್ ತನ್ನ ಪ್ರಯೋಗಗಳನ್ನು ಮುಂದಿಟ್ಟ ಮೇಲೆ. ಸ್ನಾಯುರಜ್ಜುವಿಗೆ ನೋವಿನ ಅರಿವಿಲ್ಲವೆಂದು ತೋರಿಸಲು ಆತ ಬಳಸಿದ ಮೂಕಪ್ರಾಣಿಗಳನ್ನು ನೆನೆದರೆ ಮಾತ್ರ ಸಂಕಟವಾಗುತ್ತದೆ.

ಹೆಗಲಿನ ಸರದಿ ಇನ್ನೂ ತಡವಾಗಿ ಬಂತು. ಅಲ್ಲಿ ನಾಲ್ಕು ಸ್ನಾಯುರಜ್ಜುಗಳು ತೋಳೆಲುಬಿನ ತಲೆಯನ್ನು ಟೋಪಿಯಂತೆ ಸುತ್ತಿಕೊಂಡಿವೆ. ಹೆಚ್ಚಾಗಿ ಹರಿಯುವುದು ಮೇಲಿನದು. ಹರಿದ ತುದಿಯನ್ನು ಮಾಂಸಖಂಡ ಹಿಂದಕ್ಕೆ ಎಳೆದುಕೊಳ್ಳುವುದರಿಂದ ಅದು ತಾನಾಗಿ ಮೂಳೆಗೆ ಅಂಟುವುದು ಕಷ್ಟ. 1909ರಲ್ಲಿ ಬೋಸ್ಟನ್ನಿನ ಅರ್ನೆಸ್ಟ್ ಕೋಡ್‌ಮನ್ ಅದನ್ನು ಹೊಲಿದ. 1911ರಲ್ಲಿ ಅದರ ವರದಿ ಪ್ರಕಟಿಸಿದ. 1944ರಲ್ಲಿ ಮೆಕ್‌ಲಾಫ್ಲಿನ್ ಮೂಳೆಯಲ್ಲಿ ಕಾಲುವೆಯಂಥ ತೋಡು ಕೊರೆದು, ಅದರೊಳಗೆ ತುದಿಯನ್ನು ಕೂರಿಸಿ, ರಂಧ್ರಗಳ ಮೂಲಕ ದಾರ ಬಿಗಿಯುವ ವಿಧಾನ ವಿವರಿಸಿದ. 1972ರಲ್ಲಿ ನೀರ್, ಮೇಲಿನಿಂದ ಉಜ್ಜುವ ಮೂಳೆಯ ಅಂಚನ್ನು ಕೆತ್ತಿ ತೆಗೆಯುವುದನ್ನು ಪ್ರಚಾರಕ್ಕೆ ತಂದ. ಆಮೇಲೆ ಸಣ್ಣ ತೂತಿನಿಂದ ಕ್ಯಾಮೆರಾ ಒಳಹೋಯಿತು. ದಾರ ಕಟ್ಟಿದ ಪುಟ್ಟ ಮೊಳೆಗಳು ಮೂಳೆಗೆ ಇಳಿದವು. ಗಾಯ ಕಿರಿದಾಯಿತು, ನಿಜ. ಆದರೆ ಹರಿತ ದೊಡ್ಡದಾಗಿದ್ದು ವಯಸ್ಸೂ ಆಗಿದ್ದರೆ ಹೊಲಿಗೆ ಮತ್ತೆ ಬಿಡುವುದು ಇಂದಿಗೂ ಅಪರೂಪವಲ್ಲ.

ಹೊಲಿದದ್ದು ನಿಂತಿತೇ? ಕೋಡ್‌ಮನ್‌ನ ಹಟ ಈ ಪ್ರಶ್ನೆಯದೇ. ಪ್ರತಿ ರೋಗಿಯ ಹೆಸರಿನಲ್ಲೂ ಒಂದು ಕಾರ್ಡ್ ಇರಬೇಕು, ವರ್ಷ ಕಳೆದ ಮೇಲೆ ಫಲಿತಾಂಶ ನೋಡಬೇಕು, ಸೋತಿದ್ದರೆ ಕಾರಣ ಬರೆಯಬೇಕು ಎಂದ. ದೊಡ್ಡ ಆಸ್ಪತ್ರೆಗಳು ಒಪ್ಪಲಿಲ್ಲ. 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹುದ್ದೆ ಬಿಟ್ಟ. ಮರುವರ್ಷ ವೈದ್ಯರ ಸಭೆಯಲ್ಲಿ ಒಂದು ವ್ಯಂಗ್ಯಚಿತ್ರ ಬಿಚ್ಚಿಟ್ಟ: ಮರಳಿನಲ್ಲಿ ತಲೆ ಹೂತು ಚಿನ್ನದ ಮೊಟ್ಟೆಗಳನ್ನು ವೈದ್ಯರತ್ತ ಒದೆಯುವ ಉಷ್ಟ್ರಪಕ್ಷಿ. ಊರಿನ ಶ್ರೀಮಂತರೇ ಆ ಪಕ್ಷಿ. ಸಭೆ ಕೆರಳಿತು, ಗೆಳೆಯರು ದೂರವಾದರು.

ತನ್ನದೇ ಪುಟ್ಟ ಆಸ್ಪತ್ರೆಯ ಲೆಕ್ಕವನ್ನು ಆತ ಅಚ್ಚು ಹಾಕಿಸಿ ಹಂಚಿದ. 1911ರಿಂದ 1916ರವರೆಗೆ 337 ರೋಗಿಗಳು, 123 ತಪ್ಪುಗಳು. ಅವುಗಳಲ್ಲಿ ತನ್ನವನ್ನೂ ಮುಚ್ಚಿಡಲಿಲ್ಲ. 1934ರಲ್ಲಿ ಹೆಗಲಿನ ಕುರಿತ ದೊಡ್ಡ ಗ್ರಂಥ ಹೊರಬಂತು. 1940ರಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಅದನ್ನು 2014ರಲ್ಲಿ ನೆಡಲಾಯಿತು.